ನೀಲಮ್ಮ ಅಕ್ಕೋರ ತಪ್ಪಿನ ವಹಿ

ನೀಲಮ್ಮ ಅಕ್ಕೋರು ನಗುತ್ತಿದ್ದದ್ದು ಮೂಗಿನಲ್ಲಿ. ತುಟಿ ಅಲುಗುತ್ತಿರಲಿಲ್ಲ, ಹಲ್ಲು ಕಾಣುತ್ತಿರಲಿಲ್ಲ. ಎಡ ಹೊಳ್ಳೆಯಿಂದ 'ಹುಂ' ಎಂದು ಒಂದಿಷ್ಟು ಗಾಳಿ ಹೊರಗೆ ಬರುತ್ತಿತ್ತು, ಅಷ್ಟೆ. ಅದರ ಬೆನ್ನಿಗೇ "ಇರ್ಲಿ ಬಿಡ್ರಿ, ನಿಮಗ ಅಷ್ಟ ಗೊತ್ತು" ಅನ್ನುವ ಮಾತು. ತಿಕೋಟಾದ ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂದಿ ಕಲಿಸಿದ ಅವರು ಈ ಗಾಳಿಯನ್ನು ಮಕ್ಕಳ ಮೇಲೆ ಬಿಟ್ಟಿದ್ದಾರೆ, ಹೆಡ್‌ಮಾಸ್ತರರ ಮೇಲೆ ಬಿಟ್ಟಿದ್ದಾರೆ, ತಪಾಸಣೆಗೆ ಬಂದ ಸಾಹೇಬರ ಮೇಲೂ ಬಿಟ್ಟಿದ್ದಾರೆ. ನನ್ನ ಮದುವೆಯಲ್ಲಿ ಅಕ್ಕಿಕಾಳು ಹಾಕಲು ವೇದಿಕೆಗೆ ಬಂದವರು ನನ್ನ ಸೂಟು ನೋಡಿ ಬಿಟ್ಟದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಸಾರವಾಡದ ಒಕ್ಕಲುತನದ ಮನೆಯ ಹೆಣ್ಣುಮಗಳು. ಸದಾ ಕಡುಬಣ್ಣದ ಇಳಕಲ್ ಸೀರೆ, ಕೆಂಪು ಸೆರಗು, ಕೈಯಲ್ಲಿ ಗಂಡಸರ ಗಡಿಯಾರ. ಮದುವೆ ಆಗಲಿಲ್ಲ, ಯಾಕೆ ಅಂತ ಕೇಳುವ ಎದೆ ಯಾರಿಗೂ ಇರಲಿಲ್ಲ. ನಿವೃತ್ತಿಯಾದ ಮೇಲೆ ವಿಜಯಪುರದ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ತಮ್ಮನ ಮಗನ ಸಂಸಾರದ ಜೊತೆ ಇದ್ದರು. ಆ ಬಡಾವಣೆಯ ಗಣಪತಿ ಮಂಡಳಿಯವರು ಒಂದು ವರ್ಷ ಅವರಿಗೆ ತೋರಿಸದೆ ಕರಪತ್ರ ಅಚ್ಚು ಹಾಕಿಸಿದರು. ಆಮೇಲೆ ಹಬ್ಬ ಮುಗಿಯುವವರೆಗೆ ಅವರ ಮನೆ ಮುಂದಿನ ರಸ್ತೆ ಬಿಟ್ಟು ಹಿಂದಿನ ಓಣಿಯಲ್ಲಿ ಓಡಾಡಿದರು.

ಅವರ ತರಗತಿಯಲ್ಲಿ ಎರಡು ಪದ್ಧತಿಗಳಿದ್ದವು. ಎರಡನ್ನೂ ಹೇಳದೆ ಮುಂದಿನ ಕಥೆ ಹೇಳಲು ಬರುವುದಿಲ್ಲ. ಒಂದು, ಪಾಠ ಮುಗಿದ ಗಂಟೆ ಹೊಡೆದ ಕೂಡಲೇ ಹಲಗೆ ಒರೆಸುವುದು. "ಹಿಂದಿನ ಮಾಸ್ತರನ ಹೊಲಸು ಮುಂದಿನ ಮಾಸ್ತರ ಯಾಕ ಬಳೀಬೇಕು" ಅನ್ನುವುದು ಅವರ ವಾದ. ಡಸ್ಟರ್ ಸಿಕ್ಕರೆ ಡಸ್ಟರು, ಸಿಗದಿದ್ದರೆ ಸೆರಗು. ಆ ಕೆಂಪು ಸೆರಗಿನ ತುದಿ ಸಂಜೆಯ ಹೊತ್ತಿಗೆ ಬೆಳ್ಳಗಾಗಿರುತ್ತಿತ್ತು. ಅವರ ಕೈಕೆಳಗೆ ಕಲಿತು ಮಾಸ್ತರರಾದವರೆಲ್ಲ ಹೀಗೆಯೇ ಒರೆಸುತ್ತೇವೆ, ನಾನೂ ಒರೆಸುತ್ತೇನೆ.

ಇನ್ನೊಂದು ತಪ್ಪಿನ ವಹಿ. ಉದ್ದನೆಯ ನೋಟುಬುಕ್ಕಿನಲ್ಲಿ ಕೆಂಪು ಶಾಯಿಯಿಂದ ನಾಲ್ಕು ಮನೆ ಎಳೆದಿರುತ್ತಿದ್ದರು: ಸಂಖ್ಯೆ, ತಪ್ಪು, ಯಾರದು, ಸರಿ. ಸಂಖ್ಯೆ ಮತ್ತು ತಪ್ಪು ಅವರು ಬರೆಯುತ್ತಿದ್ದರು. ಯಾರದು ಅನ್ನುವ ಮನೆಯಲ್ಲಿ ತಪ್ಪು ಮಾಡಿದವನೇ ತನ್ನ ಹೆಸರು ಬರೆಯಬೇಕು. "ತಪ್ಪು ನಿಂದು, ಹೆಸರು ನಾ ಯಾಕ ಬರೀಲಿ?" ಬರೆಯುವವರೆಗೆ ವಹಿ ಮೇಜಿನ ಮೇಲೆ ತೆರೆದೇ ಬಿದ್ದಿರುತ್ತಿತ್ತು, ಎರಡು ದಿನ, ಕೆಲವೊಮ್ಮೆ ಒಂದು ವಾರ. ಬರೆದ ಮೇಲೆ, ಆ ತಪ್ಪಿನಿಂದ ಯಾರಿಗೆ ಅನ್ಯಾಯ ಆಗಿದೆಯೋ ಅವರು ಕೊನೆಯ ಮನೆಯಲ್ಲಿ 'ಸರಿ' ಎಂದು ಬರೆಯಬೇಕು. ಬರೆದರೆ ಮುಗಿಯಿತು, ಆ ಮಾತು ಮತ್ತೆ ಯಾರೂ ಎತ್ತುವಂತಿಲ್ಲ. ನಾನು ಎಂಟನೆಯ ತರಗತಿಯಲ್ಲಿ ಒಬ್ಬನ ಕಂಪಾಸ್ ಪೆಟ್ಟಿಗೆ ಬಾವಿಗೆ ಒಗೆದು ಹೆಸರು ಬರೆದಿದ್ದೆ. ಅವನು 'ಸರಿ' ಬರೆಯಲು ಹದಿನೈದು ದಿನ ತೆಗೆದುಕೊಂಡಿದ್ದ. ಆ ಹದಿನೈದು ದಿನ ನನಗೆ ಊಟ ಸೇರಿರಲಿಲ್ಲ.

ಇಂಥವರ ಬದುಕಿನಲ್ಲಿ ಒಂದು ಹಿಂದಿ ಸಿನಿಮಾ ಬಂದು ಬಿತ್ತು. ಸಿನಿಮಾದ ಹೆಸರನ್ನಾಗಲಿ, ಅದು ಯಾವ ಕಾದಂಬರಿಯ ಮೇಲೆ ಬಂತು ಎಂಬುದನ್ನಾಗಲಿ ಬರೆಯುವುದಿಲ್ಲ. ಅಂಥ ಕಸಕ್ಕೆ ನನ್ನಿಂದ ಪುಕ್ಕಟೆ ಪ್ರಚಾರ ಬೇಡ. ಕಥೆ ಇಷ್ಟು: ಸ್ವಾತಂತ್ರ್ಯ ಬರುವ ಮೊದಲು, ಗಂಗೆಯ ದಂಡೆಯ ಹಳ್ಳಿಯೊಂದರಲ್ಲಿ, ಚಿಕ್ಕ ವಯಸ್ಸಿನ ವಿಧವೆಯೊಬ್ಬಳು ಹೆಣ್ಣುಮಕ್ಕಳಿಗೆ ಶಾಲೆ ನಡೆಸುತ್ತಾಳೆ. ಊರವರು ಸೇರಿ ಅದನ್ನು ಮುಚ್ಚಿಸುತ್ತಾರೆ. ಕೊನೆಯ ದಿನ ಅವಳು ಪಾಠ ಬರೆದ ಹಲಗೆಯನ್ನು ಒರೆಸದೆ ಹಾಗೆಯೇ ಬಿಟ್ಟು ಹೊರಟು ಹೋಗುತ್ತಾಳೆ. ಆ ಕೊನೆಯ ಅಧ್ಯಾಯ ನಮಗೆ ಹತ್ತನೆಯ ತರಗತಿಯಲ್ಲಿ ಪಾಠವಾಗಿತ್ತು. ಅಕ್ಕೋರು ಅದನ್ನು ಓದುವಾಗ ಒಂದೇ ಒಂದು ಸಲ, ಕೊನೆಯ ವಾಕ್ಯಕ್ಕೆ, ದನಿ ಇಳಿಸುತ್ತಿದ್ದರು. ಓದಿ ಮುಗಿಸಿ, ಗಂಟೆ ಹೊಡೆದ ಕೂಡಲೇ ಎದ್ದು ತಮ್ಮ ಹಲಗೆ ಒರೆಸಿ ಹೋಗುತ್ತಿದ್ದರು.

ನಾನು ಆಗ ಬಬಲೇಶ್ವರದ ಕಡೆಯ ಒಂದು ಶಾಲೆಯ ಹೆಡ್‌ಮಾಸ್ತರ್. ಹೊಸ ಕಟ್ಟಡಕ್ಕೆ ಹೋದ ಮೇಲೆ ನಮ್ಮ ಹಳೆಯ ಕಲ್ಲಿನ ಕಟ್ಟಡ ಖಾಲಿ ಬಿದ್ದಿತ್ತು. ಅದನ್ನು ನೋಡಿದ ನಿರ್ದೇಶಕ ಕಣ್ಣು ಮುಚ್ಚಿ ಐದು ನಿಮಿಷ ನಿಂತುಕೊಂಡ. ನನಗೆ ತಲೆ ಸುತ್ತು ಬಂದಿರಬೇಕು ಅನ್ನಿಸಿ ನೀರು ತರಿಸಿದೆ. ಅವನು ಕಣ್ಣು ತೆರೆದು, ಈ ಗೋಡೆಗಳು ಮಾತಾಡುತ್ತಿವೆ ಎಂದ. ಆ ಗೋಡೆಗಳು ಸೋರುತ್ತಿದ್ದವು, ಮಾತಾಡಿದ್ದು ನಾನಂತೂ ಕೇಳಿಲ್ಲ. ಶಾಲೆಯ ಹಿಂದಿ ಬಲ್ಲ ಹಿರಿಯರು ಯಾರಾದರೂ ಬೇಕು, ನಟಿಗೆ ಕಲಿಸುವ ರೀತಿ ತೋರಿಸಲು ಎಂದಾಗ ನಾನು ಅಕ್ಕೋರ ಹೆಸರು ಹೇಳಿದೆ. ನನಗೂ ಒಂದು ಪಾತ್ರ ಕೊಟ್ಟರು: ಶಾಲೆ ಮುಚ್ಚಲು ಬರುವ ಇನ್ಸ್‌ಪೆಕ್ಟರ್, ಒಂದೇ ಮಾತು. ನಲವತ್ತೇಳು ವರ್ಷದ ನಾನು ಆ ಒಂದು ಮಾತನ್ನು ಬಚ್ಚಲಮನೆಯಲ್ಲಿ ಎರಡು ವಾರ ಅಭ್ಯಾಸ ಮಾಡಿದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಅಕ್ಕೋರು ಮೊದಲ ದಿನವೇ ಹೊಸ ವಹಿ ತಂದರು. ಮರದ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಗೆರೆ ಎಳೆಯತೊಡಗಿದರು. ಕಾದಂಬರಿಯಲ್ಲಿ ಮಾವಿನ ತೋಪು, ಇಲ್ಲಿ ಬೇವು. ಕಾದಂಬರಿಯಲ್ಲಿ ತುಂಬಿ ಹರಿಯುವ ಗಂಗೆ, ಇಲ್ಲಿ ಸಾರವಾಡದ ಹತ್ತಿರದ ಡೋಣಿ ಹೊಳೆ, ಮೊಣಕಾಲುದ್ದ ನೀರು. ಒಂದು ಶಾಟಿನಲ್ಲಿ ಅಂಬಿಗ ದೋಣಿ ನಡೆಸುತ್ತಾನೆ, ಮರು ಶಾಟಿನಲ್ಲಿ ಇಳಿದು ದೂಡುತ್ತಾನೆ. ನಾಯಕಿಯ ತಂದೆ ಮಲಗುವ ಹೊರಸಿನ ಮೇಲೆ ಸೊಲ್ಲಾಪುರ ಚಾದರ. ಹಳ್ಳಿಯ ಹೆಂಗಸರ ಪಾತ್ರಕ್ಕೆ ನಮ್ಮೂರಿನವರನ್ನೇ ಕೂರಿಸಿ ರೊಟ್ಟಿ ಮಾಡಿ ಅಂದರು. ಅವರು ಕಲಿತದ್ದನ್ನೇ ಮಾಡಿದರು, ಪಟಪಟ ಬಡಿದು ಜೋಳದ ರೊಟ್ಟಿ. ಗಂಗೆಯ ದಂಡೆಯ ಮೇಲೆ ಜೋಳದ ರೊಟ್ಟಿ ಬೇಯಿಸಿದ ಮೊದಲ ನಿರ್ದೇಶಕ ಇವನೇ ಇರಬೇಕು.

ನಟಿಗೆ ಪಾಠ ಹೇಳಿಕೊಡುವುದು ಮೊದಲ ಗಂಟೆಯಲ್ಲೇ ಮುಗಿಯಿತು. ಚಾಕ್‌ಪೀಸಿಗೆ ಅಕ್ಕೋರು ಖಡು ಅನ್ನುತ್ತಿದ್ದರು. "ಖಡು ಹಿಡಿಯೂದು ನೋಡಲೇ ಬಸ್ಯಾ, ಬೀಡಿ ಹಿಡದಂಗ ಹಿಡದಾಳ. ಇನ್ನ ಸುಟಗೊಂಡು ಸೇದೂದು ಒಂದ ಬಾಕಿ." ಹೀಗೆ ನನಗೆ ಹೇಳಿ, ಅವರು ಆ ಹುಡುಗಿಯ ಕೈ ಹಿಡಿದು ತಿದ್ದಲು ಹೋದರು. ಅವಳು ಕೈ ಕೊಸರಿಕೊಂಡು, ನನ್ನದು ಪಾತ್ರದ ಒಳಗಿನ ಬೇಗುದಿ ಎಂದು ಇಂಗ್ಲಿಷಿನಲ್ಲಿ ಹೇಳಿದಳಂತೆ. ಎಡ ಹೊಳ್ಳೆಯಿಂದ ಗಾಳಿ ಬಂತು. ಅಂದಿನಿಂದ ಅಕ್ಕೋರನ್ನು ಯಾರೂ ಏನೂ ಕೇಳಲಿಲ್ಲ. ಆದರೂ ಅವರು ದಿನಾ ಬಂದರು. "ಯಾಕ ಬರ್ತೀರಿ ಅಕ್ಕೋರ, ಬಿಸಿಲಾಗ?" ಅಂದರೆ, "ನಾ ಬರಲಿಲ್ಲಂದ್ರ ಈ ತಪ್ಪು ಯಾರ ಬರೀತಾರ? ನೀ ಬರೀತಿಯೇನು?" ಅಂದರು.

ಆ ಇಡೀ ಜಾತ್ರೆಯಲ್ಲಿ ಅಕ್ಕೋರು ಮನುಷ್ಯ ಎಂದು ಲೆಕ್ಕಕ್ಕೆ ಇಟ್ಟುಕೊಂಡದ್ದು ಒಬ್ಬರನ್ನೇ. ತಿವಾರಿ ಎಂದು, ಐವತ್ತು ದಾಟಿದ ತೆಳ್ಳನೆಯ ಆಸಾಮಿ. ಕೊರಳಲ್ಲಿ ಫೈಲು ನೇತುಹಾಕಿಕೊಂಡಿರುತ್ತಿದ್ದರು. ಹಿಂದಿನ ಶಾಟಿನಲ್ಲಿ ಬಳೆ ಎಷ್ಟಿದ್ದವು, ಸೆರಗು ಯಾವ ಹೆಗಲ ಮೇಲಿತ್ತು, ಲೋಟದಲ್ಲಿ ಹಾಲು ಎಲ್ಲಿಯವರೆಗಿತ್ತು ಎಂದು ಬರೆದುಕೊಂಡು, ಫೋಟೋ ತೆಗೆದುಕೊಂಡು, ಮುಂದಿನ ಶಾಟಿಗೆ ಎಲ್ಲ ಹಾಗೆಯೇ ಇರುವಂತೆ ನೋಡಿಕೊಳ್ಳುವ ಕೆಲಸ ಅವರದು. ಅಕ್ಕೋರು ಅವರ ಫೈಲು ಇಸಿದುಕೊಂಡು ನೋಡಿದರು. ಅದರಲ್ಲಿಯೂ ಮನೆ ಎಳೆದಿತ್ತು, ಅದರಲ್ಲಿಯೂ ಕೆಂಪು ಶಾಯಿ. "ಇಂವೊಬ್ಬ ಶಾಣ್ಯಾ ಅದಾನ" ಅಂದರು. ಅವರ ಬಾಯಿಯಿಂದ ನನ್ನ ಬಗ್ಗೆ ಈ ಮಾತು ಯಾವತ್ತೂ ಬಂದಿಲ್ಲ.

ಅಕ್ಕೋರು ಪಠ್ಯಪುಸ್ತಕದ ಶುದ್ಧ ಹಿಂದಿ ಮಾತಾಡುತ್ತಿದ್ದರು, ಅದೂ ನಮ್ಮ ಸೀಮೆಯ ರಾಗದಲ್ಲಿ. ಲೈಟಿನ ಹುಡುಗರು ಮುಸಿಮುಸಿ ನಗುತ್ತಿದ್ದರು. ತಿವಾರಿ ನಗುತ್ತಿರಲಿಲ್ಲ. ದೀದಿ, ನನ್ನ ಅಜ್ಜ ಹೀಗೆ ಮಾತಾಡುತ್ತಿದ್ದರು ಎಂದು ಹೇಳಿ ಚಹಾ ತಂದುಕೊಡುತ್ತಿದ್ದರು. ಚಹಾದಲ್ಲಿ ಸಕ್ಕರೆ ಕಡಿಮೆ ಎಂದು ಒಮ್ಮೆ ಹೇಳಿದ್ದಕ್ಕೆ ಅದನ್ನೂ ಫೈಲಿನಲ್ಲಿ ಬರೆದುಕೊಂಡರು. ಮರುದಿನದಿಂದ ಎರಡು ಚಮಚ ಸಕ್ಕರೆ ತಪ್ಪಲಿಲ್ಲ.

ಹೀಗಿರುವಾಗ ನಡುವೆ ಕಾರಹುಣ್ಣಿಮೆ ಬಂತು. ನಾಯಕಿ ಚಕ್ಕಡಿಯಲ್ಲಿ ಬರುವ ದೃಶ್ಯ ಅರ್ಧ ತೆಗೆದು ಮುಗಿದಿತ್ತು, ಉಳಿದರ್ಧ ಹಬ್ಬದ ಮೂರನೆಯ ದಿನಕ್ಕೆ. ಎತ್ತುಗಳು ಬಂದಾಗ ಕೊಂಬಿಗೆ ಹಸಿರು, ಕೆಂಪು ಬಣ್ಣ. ನಿರ್ದೇಶಕ ತಲೆಯ ಮೇಲೆ ಕೈ ಹೊತ್ತುಕೊಂಡ. ಎತ್ತಿನ ಯಜಮಾನ ಪರಪ್ಪ ಸಾರವಾಡದವನು, ಅಕ್ಕೋರಿಗೆ ದೂರದ ಸಂಬಂಧಿ. ಅವನು ಅಷ್ಟೇ ಶಾಂತವಾಗಿ, "ಹಬ್ಬಕ್ಕ ಕೊಂಬಿಗೆ ಬಣ್ಣಾ ಹಚ್ಚಲಿಲ್ಲಂದ್ರ ಎತ್ತು ಏನ ಅಂದಾವ್ರಿ? ನಿಮ್ಮ ಸಿನೆಮಾ ನಾಳಿಗಿ ಮುಗೀತೈತಿ, ಇವು ನನ್ನ ಕೂಡ ಬಾಳೇ ಮಾಡಬೇಕು" ಅಂದ. ಅಕ್ಕೋರು ಆ ದಿನ ಆ ತಪ್ಪನ್ನು ವಹಿಯಲ್ಲಿ ಬರೆಯಲಿಲ್ಲ. "ಅದು ತಪ್ಪಲ್ಲ" ಅಂದರು. ಮುಂದೆ ಸಿನಿಮಾದಲ್ಲಿ ಆ ಎತ್ತುಗಳು ಊರು ಬಿಡುವಾಗ ಬಿಳಿ ಕೊಂಬಿನವು, ಊರು ಮುಟ್ಟುವಾಗ ಬಣ್ಣದ ಕೊಂಬಿನವು.

ಈ ಕೊಂಬಿನ ಗಲಾಟೆಯೇ ಮುಂದಿನದಕ್ಕೆಲ್ಲ ಮೂಲ. ಅದೇ ದಿನ ಬೆಳಿಗ್ಗೆ ಹಳೆಯ ಕಟ್ಟಡದಲ್ಲಿ ಕೊನೆಯ ಪಾಠದ ದೃಶ್ಯ ತೆಗೆದಿದ್ದರು. ಹಲಗೆಯ ತುಂಬ ಬರಹ, ಮೂಲೆಯಲ್ಲಿ ತಾರೀಖು, ಹಾಜರಿ. ಊಟದ ಹೊತ್ತಿಗೆ ನಿರ್ದೇಶಕ ತಿವಾರಿಯವರನ್ನು, ಬಣ್ಣ ತೊಳೆಸಿಯೇ ಬಾ ಎಂದು ಡೋಣಿಯ ಕಡೆ ಅಟ್ಟಿದ. ಹೋಗುವ ಮುಂಚೆ ತಿವಾರಿ ಹಲಗೆಯ ಫೋಟೋ ತೆಗೆದುಕೊಂಡು, ಯಾರೂ ಇಲ್ಲಿ ಏನನ್ನೂ ಮುಟ್ಟಬೇಡಿ ಎಂದು ಕೂಗಿ ಹೇಳಿ ಹೋದರು. ಆ ಹೊತ್ತಿಗೆ ಅಕ್ಕೋರು ಹೊರಗೆ ನಳದ ಹತ್ತಿರ ಮುಖ ತೊಳೆಯುತ್ತಿದ್ದರು.

ಎಲ್ಲರೂ ಊಟಕ್ಕೆ ಹೋದರು. ನಮ್ಮ ಹೊಸ ಕಟ್ಟಡದಲ್ಲಿ ಪಾಠ ಮುಗಿದ ಗಂಟೆ ಹೊಡೆಯಿತು. ನಾನು ಹಳೆಯ ಕಟ್ಟಡದ ಬಾಗಿಲಲ್ಲಿ ನಿಂತು ನನ್ನ ಒಂದು ಮಾತನ್ನು ಗುನುಗುತ್ತಿದ್ದೆ. ಅಕ್ಕೋರು ಒಳಗೆ ಬಂದರು, ಬಿಟ್ಟಿದ್ದ ಚೀಲ ತೆಗೆದುಕೊಂಡರು. ಹೊರಡುವ ಮುನ್ನ ಹಲಗೆಯ ಮುಂದೆ ಹೋಗಿ, ಸೆರಗು ಕೈಗೆ ಸುತ್ತಿಕೊಂಡು, ಮೇಲಿನಿಂದ ಕೆಳಗೆ ನಾಲ್ಕೇ ಎಳೆತದಲ್ಲಿ ಒರೆಸಿದರು. ಅದು ಎಷ್ಟು ಸಹಜವಾಗಿತ್ತೆಂದರೆ ಅರೆಕ್ಷಣ ನನಗೂ ಏನೂ ಅನ್ನಿಸಲಿಲ್ಲ. ಅನ್ನಿಸುವ ಹೊತ್ತಿಗೆ ಅವರು ನನ್ನನ್ನು ದಾಟಿ ಹೋಗಿದ್ದರು. ತಾವು ಏನು ಮಾಡಿದೆವೆಂಬುದು ಅವರಿಗೆ ಗೊತ್ತಿರಲಿಲ್ಲ.

ನನಗೆ ಗೊತ್ತಿತ್ತು. ಆಗಲೇ ಹೇಳಿದ್ದರೆ ಹತ್ತು ನಿಮಿಷದಲ್ಲಿ ಫೋಟೋ ನೋಡಿ ಮತ್ತೆ ಬರೆಯಬಹುದಿತ್ತು. ಆದರೆ ಅಕ್ಕೋರನ್ನು ಕರೆತಂದವನು ನಾನು. ಹೇಳಿದರೆ ಇಬ್ಬರನ್ನೂ ಹೊರಗೆ ಹಾಕುತ್ತಾರೆ, ನಾಳೆಯ ನನ್ನ ಪಾತ್ರ ಹೋಗುತ್ತದೆ. ಅವರಾಗಿಯೇ ನೋಡಿಕೊಂಡಾರು ಅಂದುಕೊಂಡು ಊಟದ ಸಾಲಿನಲ್ಲಿ ಹೋಗಿ ನಿಂತೆ. ಆ ಜಾಣರು ನೋಡಿಕೊಳ್ಳಲಿಲ್ಲ. ನೂರು ಜನರಿದ್ದರು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಯಂತ್ರ. ನಾಯಕಿ ಹಲಗೆ ಬಿಟ್ಟು ಹೊರಡುವ ದೃಶ್ಯವನ್ನು ಬೋಳು ಹಲಗೆಯ ಮುಂದೆ ತೆಗೆದು ಚಪ್ಪಾಳೆ ಹೊಡೆದುಕೊಂಡರು. ಕೊಂಬಿನ ಬಣ್ಣ ಹೋಗದೆ, ಚಕ್ಕಡಿಯ ಉಳಿದರ್ಧವನ್ನೂ ಹಾಗೆಯೇ ತೆಗೆದ ಮೇಲೆ, ಸಂಜೆ ತಿವಾರಿ ವಾಪಸು ಬಂದಾಗ ಕಟ್ಟಡಕ್ಕೆ ಬೀಗ ಬಿದ್ದಿತ್ತು. ಅವರು ಅಕ್ಕೋರ ಹತ್ತಿರ ನಿಂತು ಚಹಾ ಕುಡಿದು ಹೋದರು.

ಮರುದಿನ ಅಕ್ಕೋರು ತಿಕೋಟಾದಲ್ಲಿ ಒಬ್ಬ ಹಳೆಯ ವಿದ್ಯಾರ್ಥಿನಿಯ ಮನೆ ವಾಸ್ತುವಿಗೆ ಹೋಗಿದ್ದರು. ಬೆಳಿಗ್ಗೆ ಬೀಗ ತೆಗೆದಾಗ ಹಲಗೆ ಖಾಲಿ. ಹಿಂದಿನ ದಿನ ಚಿತ್ರಿಸಿದ್ದನ್ನು ಹಾಕಿ ನೋಡಿದರು, ಅಲ್ಲಿಯೂ ಖಾಲಿ. ನಟಿ ಆಗಲೇ ಮುಂಬೈಗೆ ಹೋಗಿಯಾಗಿತ್ತು. ನಿರ್ದೇಶಕ ತಿವಾರಿಯವರನ್ನು ಅಂಗಳದ ನಡುವೆ ನಿಲ್ಲಿಸಿ ಅನ್ನಬಾರದ್ದನ್ನೆಲ್ಲ ಅಂದ. ನೀನೇ ನನ್ನನ್ನು ಎತ್ತಿನ ಕೊಂಬು ತೊಳೆಯಲು ಕಳಿಸಿದ್ದೆ ಎಂದು ಆ ಮನುಷ್ಯ ಒಂದು ಸಲವೂ ಹೇಳಲಿಲ್ಲ. ಗಂಟು ಕಟ್ಟು ಅಂದರು, ಕಟ್ಟಿದರು. ಕೊರಳಿನಿಂದ ಫೈಲು ತೆಗೆದು ಕೊಟ್ಟರು. ಅವರು ತೆಗೆದಿಟ್ಟಿದ್ದ ಫೋಟೋ ನೋಡಿಕೊಂಡೇ ಹಲಗೆಯನ್ನು ಮತ್ತೆ ಬರೆಸಿ, ಅದರ ಮುಂದೆ ನನ್ನನ್ನು ನಿಲ್ಲಿಸಿದರು. ನಾನು ನನ್ನ ಒಂದು ಮಾತು ಹೇಳಿದೆ. ಚೆನ್ನಾಗಿ ಹೇಳಿದೆ ಎಂದು ಯಾರೋ ಬೆನ್ನು ತಟ್ಟಿದರು.

ಸಂಜೆ ತಿವಾರಿಯವರನ್ನು ಬಿಡಲು ಬೈಕಿನಲ್ಲಿ ನಾನೇ ಹೋದೆ. ಸೊಲ್ಲಾಪುರ ರಸ್ತೆಯ ಒಂದು ಗ್ಯಾರೇಜಿನ ಮುಂದೆ ಬಸ್ಸು ಕಾಯುತ್ತ ನಿಂತಿದ್ದೆವು. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ್ದೇನೆ, ಹೀಗೆ ಯಾವತ್ತೂ ಆಗಿರಲಿಲ್ಲ ಎಂದರು. ನಾನು ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವರು, ಮಾಸ್ತರಜೀ, ದೀದಿಗೆ ಇದೆಲ್ಲ ಹೇಳಬೇಡಿ, ನನ್ನ ತಾಯಿಗೆ ಹುಷಾರಿಲ್ಲ ಅಂತ ಊರಿಗೆ ಹೋದೆ ಅನ್ನಿ, ಎಂದು ಕೇಳಿಕೊಂಡರು. ಮರ್ಯಾದೆಗೆ ಅಂಜಿ ಹೀಗೆ ಹೇಳುತ್ತಿದ್ದಾರೆ ಅಂದುಕೊಂಡೆ. ಅದರ ಅರ್ಥ ತಿಳಿಯಲು ನನಗೆ ಒಂದೂವರೆ ವರ್ಷ ಬೇಕಾಯಿತು.

ಒಂದೂವರೆ ವರ್ಷಕ್ಕೆ ಸಿನಿಮಾ ಬಂತು. ಥಿಯೇಟರಿನಲ್ಲಿ ಅಲ್ಲ, ಮನೆಯ ಟೀವಿಯಲ್ಲಿ ನೋಡುವಂತೆ. ಭಾನುವಾರ ಅಕ್ಕೋರನ್ನು ನಮ್ಮ ಮನೆಗೆ ಕರೆತಂದೆ. ಹಳೆಯ ವಹಿ ಬಗಲಲ್ಲಿತ್ತು. ಶೂಟಿಂಗಿನಲ್ಲಿ ಬರೆದದ್ದನ್ನು ಒಂದೊಂದಾಗಿ ತಾಳೆ ನೋಡುತ್ತ, ಹೊಸದನ್ನು ಸೇರಿಸುತ್ತ ಕೂತರು. ವಿಧವೆಯ ಕೈಯಲ್ಲಿ ಬಾವಿಯ ದೃಶ್ಯಕ್ಕೆ ಮೂರು ಬಳೆ ಹುಟ್ಟಿಕೊಂಡಿದ್ದವು. ಗಂಗೆಯ ಆಚೆ ದಂಡೆಯಲ್ಲಿ ತಿಕೋಟಾದ ಯಾರದೋ ದ್ರಾಕ್ಷಿ ತೋಟ, ಸಾಲು ಕಂಬ, ತಂತಿ, ನೀರಿನ ಕರಿ ಪೈಪು. ಅಮಾವಾಸ್ಯೆ ಎಂದು ಅಜ್ಜಿಯೊಬ್ಬಳು ಹೇಳಿದ ರಾತ್ರಿಯೇ ಆಕಾಶದಲ್ಲಿ ತಟ್ಟೆಯಷ್ಟು ಚಂದ್ರ. ಒಂದೊಂದಕ್ಕೂ ಮೂಗಿನ ಗಾಳಿ. ನನ್ನ ಹೆಂಡತಿ ತಂದಿಟ್ಟ ಚುರುಮುರಿ ಹಾಗೇ ಇತ್ತು.

ಊರವರು ಸಭೆ ಸೇರುವ ದೃಶ್ಯದಲ್ಲಿ ಇನ್ಸ್‌ಪೆಕ್ಟರನಾಗಿ ನಾನೂ ಕುಳಿತಿದ್ದೆ. ಅಕ್ಕೋರು ಟೀವಿ ನಿಲ್ಲಿಸಲು ಹೇಳಿ, ಕನ್ನಡಕ ಏರಿಸಿ, "ಕಿಸೆದಾಗ ಏನಲೇ ಅದು? ಬಾಲ್‌ಪೆನ್ನಾ?" ಅಂದರು. ಹೌದು, ಆವತ್ತಿನ ಹಾಜರಿಗೆ ಇಟ್ಟುಕೊಂಡಿದ್ದ ಪೆನ್ನು ತೆಗೆಯಲು ಮರೆತಿದ್ದೆ.

"ಹದಿನಾಕನೇ ತಪ್ಪು ನಿಂದು. ಬರಿ ಹೆಸರು."

ನಾನು ನಗುತ್ತ ಬರೆದೆ. "ಪುಸ್ತಕ ಬರದವ್ರಿಗಿ ಅನ್ಯಾಯ ಆಗೇತಿ. ಅವ್ರು ಇಲ್ಲ, ಅವ್ರ ಪರವಾಗಿ ನಾನ ಬರೀತೇನಿ" ಎಂದು ಕೊನೆಯ ಮನೆಯಲ್ಲಿ 'ಸರಿ' ಬರೆದರು. ಉಳಿದ ತಪ್ಪುಗಳ ಮುಂದೆ ಹೆಸರಿನ ಮನೆ ಖಾಲಿ ಇತ್ತು. "ಅವ್ರು ಬಂದು ಬರೀಬೇಕು. ಬರೂದಿಲ್ಲ. ಬರೂ ಜಾತಿ ಆಗಿದ್ರ ತಪ್ಪ ಮಾಡ್ತಿದ್ದಿಲ್ಲ" ಅಂದರು.

ಮೂವತ್ತಾರು ತಪ್ಪಿಗೆ ಸಿನಿಮಾ ಕೊನೆಗೆ ಬಂತು. ತುಂಬಿದ ಹಲಗೆಯ ಮುಂದೆ ನಾಯಕಿ ಪಾಠ ಹೇಳಿದಳು. ಎದ್ದು ಹೊರಟಳು, ಅವಳ ಹಿಂದೆ ಹಲಗೆ ಬೋಳು. ಇನ್ಸ್‌ಪೆಕ್ಟರ್ ಬಂದು ನಿಂತ. ಹಲಗೆ ಮತ್ತೆ ತುಂಬಿತ್ತು. ನಾನು ಎರಡು ವಾರ ಅಭ್ಯಾಸ ಮಾಡಿದ ಮಾತನ್ನು ಕತ್ತರಿಸಿ ಒಗೆದಿದ್ದರು, ನಾಲ್ಕು ಸೆಕೆಂಡು ನನ್ನ ಬೆನ್ನು ಕಾಣಿಸಿತು. ಆ ಬೆನ್ನಿಗಾಗಿ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಅಕ್ಕೋರು ಪೆನ್ನು ಕೆಳಗಿಟ್ಟರು. ಮೂಗಿನ ಗಾಳಿ ಬರಲಿಲ್ಲ. ತಮ್ಮ ಸೆರಗಿನ ತುದಿಯನ್ನು ಮಡಿಲ ಮೇಲೆ ಹರವಿ ನೋಡಿದರು.

"ಇದು ನಾ ಒರಿಸಿದ್ದು."

ನಾನು ಟೀವಿ ಆರಿಸಿದೆ.

"ತಿವಾರಿಯವ್ರ ತಾಯಿಗಿ ಆರಾಮಿರಲಿಲ್ಲ ಅಂದಿದ್ದಿ. ಖರೇ ಹೇಳು."

ಎಲ್ಲ ಹೇಳಿದೆ. ಅಂಗಳದ ನಡುವೆ ನಿಲ್ಲಿಸಿ ಬೈದದ್ದು, ಫೈಲು ಕಸಿದುಕೊಂಡದ್ದು, ಸೊಲ್ಲಾಪುರ ರಸ್ತೆಯ ಬಸ್ಸು. ಅವರು ಕೇಳಿ ಮುಗಿಸಿ, "ನಾ ಒರಿಸೂ ಮುಂದ ನೀ ಬಾಗಲದಾಗ ಇದ್ದಿ" ಅಂದರು. ಇದು ಪ್ರಶ್ನೆ ಆಗಿರಲಿಲ್ಲ. ಹೌದ್ರಿ ಅಂದೆ.

"ಎದ್ದು ನಿಲ್ಲು."

ನನ್ನ ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನೋಡುತ್ತಿದ್ದಂತೆ, ನಲವತ್ತೆಂಟು ವರ್ಷದ ಹೆಡ್‌ಮಾಸ್ತರ್ ನಾನು, ನನ್ನದೇ ಮನೆಯಲ್ಲಿ ಎದ್ದು ನಿಂತೆ. ಅವರು ತಿವಾರಿಯವರಿಗೆ ಫೋನು ಹಚ್ಚಿಸಿದರು. ಶುದ್ಧ ಹಿಂದಿಯಲ್ಲಿ, ಒಂದೊಂದು ಶಬ್ದವನ್ನೂ ಬಿಡಿಸಿ, ಆ ಹಲಗೆ ಒರೆಸಿದವಳು ನಾನು, ತಪ್ಪು ನನ್ನದು, ನನಗೆ ಇವತ್ತು ಗೊತ್ತಾಯಿತು ಎಂದು ಹೇಳಿದರು. ಆಮೇಲೆ ತಿವಾರಿ ಹೇಳಿದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತು. ದೀದಿ, ಅವತ್ತು ಸಂಜೆ ಚಹಾ ಕುಡಿಯುವಾಗ ನಿಮ್ಮ ಕೆಂಪು ಸೆರಗಿನ ತುಂಬ ಚಾಕ್ ಪುಡಿ ಇತ್ತು. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಬೆಳಿಗ್ಗೆ ಹಲಗೆ ನೋಡಿದ ಕೂಡಲೇ ತಿಳಿಯಿತು. ಆ ಜನರ ಮುಂದೆ ನಿಮ್ಮ ಹೆಸರು ಹೇಳಲು ನನಗೆ ಮನಸ್ಸಾಗಲಿಲ್ಲ.

ತಿವಾರಿಯವರೂ ಬಾಯಿ ಬಿಡಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಎರಡಕ್ಕೂ ಇರುವ ಅಂತರ ನಿಂತಲ್ಲೇ ನನಗೆ ಅರ್ಥವಾಯಿತು. ಅಕ್ಕೋರು ಮಾತ್ರ ಅವರ ಮೇಲೂ ಸಿಟ್ಟಾದರು. ನನ್ನ ತಪ್ಪನ್ನು ಹೊರಲು ನಿಮಗೆ ಯಾರು ಹೇಳಿದ್ದರು ಎಂದು ಗದರಿಸಿದರು. ಈಗ ಏನು ಮಾಡಿಕೊಂಡಿದ್ದೀರಿ ಎಂದು ಕೇಳಿದರು. ಧಾರಾವಾಹಿಯೊಂದರಲ್ಲಿ ಬಟ್ಟೆ ಎಣಿಸುವ ಕೆಲಸ ಎಂದರು ತಿವಾರಿ. ಅಕ್ಕೋರು ಫೋನು ಇಟ್ಟು, ಬಹಳ ಹೊತ್ತು ಕಿಟಕಿಯ ಕಡೆ ಮುಖ ಮಾಡಿ ಕೂತರು. ನಾನು ನಿಂತೇ ಇದ್ದೆ.

ಈ ನಡುವೆ ನಿರ್ದೇಶಕ ಏನು ಮಾಡಿದ್ದ ಗೊತ್ತೆ? ಸಂದರ್ಶನ ಕೊಟ್ಟಿದ್ದ. ಆ ಬೋಳು ಹಲಗೆ ತಾನು ಆರು ತಿಂಗಳು ಯೋಚಿಸಿ ಇಟ್ಟ ರೂಪಕವಂತೆ, ಚರಿತ್ರೆ ಹೆಣ್ಣಿನ ಅಕ್ಷರವನ್ನು ಅಳಿಸಿದ್ದರ ಗುರುತಂತೆ. ಅದನ್ನು ನಂಬಿ ಹೊಗಳಿ ಬರೆದ ಪಂಡಿತರು ಹತ್ತಾರು. ತೆರೆಮರೆಯ ಸ್ವಾರಸ್ಯಗಳು ಎಂದು ಪಟ್ಟಿ ಮಾಡಿ ಹಾಕುವವರು ಅದನ್ನೇ ಮೊದಲನೆಯದಾಗಿ ಹಾಕಿದ್ದರು. ಬೇರೆಯವರ ಅನ್ನ ಕಿತ್ತುಕೊಂಡ ತಪ್ಪನ್ನೇ ಕಿರೀಟ ಮಾಡಿ ತಲೆಗೆ ಇಟ್ಟುಕೊಳ್ಳುವ ಇಂಥ ಮುಖಗೇಡಿಗಳಿಗೆ ಇನ್ನೂ ಒಳ್ಳೆಯ ಬೈಗುಳ ನನ್ನ ಹತ್ತಿರ ಇವೆ, ಅಚ್ಚಿನಲ್ಲಿ ಬರುವಂಥವಲ್ಲ. ಅದನ್ನು ಫೋನಿನಲ್ಲಿ ತೋರಿಸಿದೆ. ಅಕ್ಕೋರು ಆಗಲೇ ಆ ಸಂದರ್ಶನದ ಕೆಳಗೆ ನನ್ನ ಕೈಯಿಂದ ಹಿಂದಿಯಲ್ಲಿ ಬರೆಸಿದರು: ಇದು ರೂಪಕವಲ್ಲ, ಹಲಗೆ ಒರೆಸಿದವಳು ನಾನು, ಇದಕ್ಕಾಗಿ ಶಿಕ್ಷೆ ಅನುಭವಿಸಿದವರು ನಿರಪರಾಧಿ. ಕೆಳಗೆ ಪೂರ್ತಿ ಹೆಸರು, ನಿವೃತ್ತ ಹಿಂದಿ ಶಿಕ್ಷಕಿ, ತಿಕೋಟಾ. ಅರ್ಧ ಗಂಟೆಯೊಳಗೆ ಮೂರು ಜನ ನಗುವ ಮುಖದ ಚಿತ್ರ ಹಾಕಿದರು. ನಾಲ್ಕನೆಯವನು, ಹೆಸರು ಮಾಡಲು ಮುದುಕಿಯರೂ ಶುರು ಹಚ್ಚಿಕೊಂಡರು ಎಂದು ಬರೆದ. ಓದಿ ಹೇಳಿದೆ.

"ಇರ್ಲಿ ಬಿಡು, ಅವರಿಗಿ ಅಷ್ಟ ಗೊತ್ತು" ಅಂದರು. ಗಾಳಿ ಈ ಸಲವೂ ಬರಲಿಲ್ಲ. ಎದ್ದು, ವಹಿ ಬಗಲಲ್ಲಿಟ್ಟುಕೊಂಡು, ನಾನು ಬಿಟ್ಟು ಬರುತ್ತೇನೆ ಅಂದರೂ ಕೇಳದೆ ಆಟೋ ಹತ್ತಿ ಹೋದರು. ಅದೇ ನಾನು ಅವರನ್ನು ಕೊನೆಯ ಸಲ ನೋಡಿದ್ದು. ಆಮೇಲೆ ಎರಡು ಸಲ ಅಥಣಿ ರಸ್ತೆಯ ಮನೆಯ ಗೇಟಿನವರೆಗೆ ಹೋಗಿ ತಿರುಗಿ ಬಂದೆ. ಅವರ ಮುಂದೆ ಏನು ಹೇಳಬೇಕೆಂಬುದು ಗೊತ್ತಿತ್ತು, ಹೇಳುವ ಬಾಯಿ ಇರಲಿಲ್ಲ. ಏಳನೆಯ ತಿಂಗಳಿಗೆ ಅವರು ತೀರಿಕೊಂಡ ಸುದ್ದಿ ಬಂತು. ಸಾರವಾಡದ ಹೊಲದಲ್ಲಿ ಮಣ್ಣು ಮಾಡಿದರು. ಪರಪ್ಪನ ಎತ್ತಿನ ಚಕ್ಕಡಿಯೂ ಬಂದಿತ್ತು. ನಾನು ಎಲ್ಲರ ಹಿಂದೆ ನಿಂತಿದ್ದೆ.

ದಿನಕರ್ಮ ಮುಗಿದ ಮೇಲೆ ಅವರ ತಮ್ಮನ ಮಗ ಶಾಲೆಗೆ ಬಂದು ವಹಿ ಕೊಟ್ಟ. "ಅತ್ತಿ ನಿಮಗ ಕೊಡು ಅಂದಿದ್ಲರಿ. ನಡುವ ಒಂದು ಸಲಾ ಇದನ್ನ ಮುಂಬೈಗಿ ಪೋಸ್ಟ್ ಮಾಡಿಸಿದ್ಲು, ತಿರುಗಿ ಬಂತು" ಅಂದ.

ಅವನು ಹೋದ ಮೇಲೆ ತೆಗೆದು ನೋಡಿದೆ. ಮೂವತ್ತೇಳನೆಯ ಸಾಲು: ಪಾಠದ ಹಲಗೆ ಒರೆಸಿದ್ದು. ಯಾರದು ಅನ್ನುವಲ್ಲಿ ಅವರದೇ ಕೈಬರಹದಲ್ಲಿ ನೀಲಮ್ಮ ಎಂದಿತ್ತು. ಕೊನೆಯ ಮನೆಯಲ್ಲಿ, ನೀಲಿ ಶಾಯಿಯಲ್ಲಿ, ಹಿಂದಿ ಅಕ್ಷರದಲ್ಲಿ, '​ಸರಿ ದೀದಿ' ಎಂದು ಬರೆದು ತಿವಾರಿ ಸಹಿ ಹಾಕಿ ಕಳಿಸಿದ್ದರು. ಅದರ ಕೆಳಗೆ ಮೂವತ್ತೆಂಟನೆಯ ಸಾಲು. ಮತ್ತೆ ಅಕ್ಕೋರ ಅಕ್ಷರ: ನೋಡಿಯೂ ನನಗೆ ಹೇಳಲಿಲ್ಲ. ಯಾರದು ಅನ್ನುವ ಮನೆ ಖಾಲಿ ಬಿಟ್ಟಿದ್ದರು.

ಎರಡು ದಿನ ವಹಿ ನನ್ನ ಮೇಜಿನ ಮೇಲೆ ತೆರೆದೇ ಬಿದ್ದಿತ್ತು. ಮೂರನೆಯ ದಿನ ಮಧ್ಯಾಹ್ನ, ತರಗತಿಯ ಹಲಗೆ ಒರೆಸಿ ಬಂದವನು ಕುಳಿತು ನನ್ನ ಹೆಸರು ಬರೆದೆ. ಆ ಸಾಲಿನ ಕೊನೆಯ ಮನೆಯಲ್ಲಿ ಬರೆಯಬೇಕಾದವರು ಅಕ್ಕೋರು ಒಬ್ಬರೇ. ಅದು ಹಾಗೆಯೇ ಖಾಲಿ ಇದೆ.